‘ಡಾನ್ ಮನೆ’ಯಿಂದ ತಂದ ಮೊಬೈಲು: ಒಂದು ಆಪ್ತಸಲಹೆ ಪ್ರಕರಣ

(ಹುಡುಗ ಮತ್ತು ಅವನ ತಂದೆತಾಯಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಿಂದ ಪ್ರಥಮ ಪಿಯುಸಿ ಓದುವ ಹುಡುಗನನ್ನು ಅವನ ತಾಯಿ ಫೆಬ್ರುವರಿಯಲ್ಲಿ ನನ್ನ ಬಳಿಗೆ ಕರೆತಂದರು. ಹುಡುಗನಿಗೆ ನಿದ್ದೆಯಿಲ್ಲ, ದಿನವಿಡೀ ತಲೆನೋವು, ಮೈಕೈ ನೋವು, ಊಟ ಅರ್ಧಕ್ಕರ್ಧ ಕಡಿಮೆಯಾಗಿದೆ ಎಂಬುದು ಅವರ ದೂರು. ವಾರ್ಷಿಕ ಪರೀಕ್ಷೆ ಎದುರಿಗಿದ್ದುದರಿಂದ ಮನೆಯವರೆಲ್ಲ ಅದನ್ನು ಪರೀಕ್ಷೆಯ ಭಯವೆಂದೇ ತಿಳಿದಿದ್ದರು. “ರಾತ್ರಿ ಎದ್ದು ಎದ್ದು ಅಟ್ಟ ಹತ್ತುತ್ತಾನೆ ಮೇಡಂ, ಯಾಕೆ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ” ಎಂದು ತಾಯಿ ಹೇಳಿದ ಮಾತು ಮಾತ್ರ ಪರೀಕ್ಷೆಯ ಭಯಕ್ಕೆ ಹೊಂದಿಕೆಯಾಗುತ್ತಿರಲಿಲ್ಲ.

ಮಾತುಕತೆ ಆರಂಭಿಸುವ ಮೊದಲು ನಾನು ಅವನನ್ನು ವೈದ್ಯರ ಬಳಿಗೆ ಕಳುಹಿಸಿದೆ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿನಂಚಿನಲ್ಲಿ ಓಡಾಡಿದವರಿಗೆ ತಲೆನೋವು, ಮೈಕೈ ನೋವು ಬಂದರೆ ಅದು ಮನಸ್ಸಿನದ್ದೆಂದು ಮೊದಲೇ ತೀರ್ಮಾನಿಸುವುದು ಅಪಾಯಕರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಈ ಜಿಲ್ಲೆಯನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗು (ಉಣ್ಣೆ ಹುಳು) ಕಚ್ಚಿದ ಕೆಲವೇ ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಹುಡುಗನಿಗೆ ಜ್ವರ ಇರಲಿಲ್ಲ, ರಕ್ತ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಆದರೆ ವೈದ್ಯರು “ಈಚೆಗೆ ಕಾಡಿನ ಕಡೆ ಹೋಗಿದ್ದೆಯಾ?” ಎಂದು ಕೇಳಿದಾಗ ಅವನ ಮುಖ ಬಿಳಿಚಿಕೊಂಡಿತಂತೆ. ಅದನ್ನು ತಾಯಿಯೇ ಗಮನಿಸಿ ನನಗೆ ತಿಳಿಸಿದರು.

ಎರಡನೆಯ ಭೇಟಿಯಲ್ಲಿ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು, ಇಲ್ಲಿ ಹೇಳಿದ್ದು ಇಲ್ಲಿಯೇ ಉಳಿಯುತ್ತದೆ, ಆದರೆ ನಿನ್ನ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ನಿನ್ನ ಮೇಲೆ ದೌರ್ಜನ್ಯ ನಡೆಸಿದ್ದರೆ, ಅದನ್ನು ನಾನು ಮುಚ್ಚಿಡಲಾರೆ ಎಂದು ಮೊದಲೇ ಸ್ಪಷ್ಟಪಡಿಸಿದೆ. ಈ ಮಿತಿಯನ್ನು ಹೇಳಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬ ಅಳುಕು ಕೆಲವರಿಗಿದೆ. ನಾನು ಕಂಡಂತೆ, ಮಿತಿ ಗೊತ್ತಿರುವ ಮಕ್ಕಳೇ ಹೆಚ್ಚು ಧೈರ್ಯವಾಗಿ ಮಾತನಾಡುತ್ತಾರೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪನಿಗೆ ಗೊತ್ತಾದರೆ ಕೊಂದೇ ಬಿಡುತ್ತಾರೆ” ಎಂದು ಆರಂಭಿಸಿದ.

ಊರಿನಿಂದ ಸ್ವಲ್ಪ ದೂರ, ಅಡಿಕೆ ತೋಟದ ಮೇಲಿನ ದಿಣ್ಣೆಯಲ್ಲಿ, ವರ್ಷಗಳಿಂದ ಬೀಗ ಬಿದ್ದ ದೊಡ್ಡದೊಂದು ಚೌಕಿ ಮನೆಯಿದೆ. ಬೇರೆ ಜಿಲ್ಲೆಯ ರೌಡಿಯೊಬ್ಬ ಅಲ್ಲಿ ತಿಂಗಳುಗಟ್ಟಲೆ ಅಡಗಿದ್ದ, ಅವನ ಕಡೆಯವರು ಈಗಲೂ ಬಂದು ಹೋಗುತ್ತಾರೆ ಎಂದು ಊರಿನಲ್ಲಿ ಮಾತು. ಹುಡುಗರ ಬಾಯಲ್ಲಿ ಅದು ‘ಡಾನ್ ಮನೆ’. ಜನವರಿಯ ಒಂದು ಭಾನುವಾರ ನಾಲ್ವರು ಗೆಳೆಯರು ಹಿಂದಿನ ಕೊಟ್ಟಿಗೆಯ ಮುರಿದ ಬಾಗಿಲಿನಿಂದ ಒಳಹೊಕ್ಕಿದ್ದಾರೆ. ಒಬ್ಬ ವಿಡಿಯೋ ಮಾಡುತ್ತಿದ್ದ. ಇನ್ನೊಬ್ಬ ಅಟ್ಟ ಹತ್ತಿದಾಗ ಗೆದ್ದಲು ತಿಂದ ಹಲಗೆ ಮುರಿದು ಕಾಲು ತೊಡೆಯವರೆಗೆ ಕೆಳಗಿಳಿದಿದೆ. ನಮ್ಮ ಹುಡುಗನಿಗೆ ಒಳಕೋಣೆಯ ಗೋಡೆಯಲ್ಲಿ ದೀಪ ಇಡುವ ಗೂಡಿನೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಮೊಬೈಲು ಸಿಕ್ಕಿದೆ. ಸಿಕ್ಕ ಖುಷಿಯಲ್ಲಿ ಜೇಬಿಗೆ ಹಾಕಿಕೊಂಡಿದ್ದಾನೆ. ಅದೇ ಹೊತ್ತಿಗೆ ಹೊರಗೆ ಬೈಕಿನ ಸದ್ದು ಕೇಳಿ ಎಲ್ಲರೂ ದಿಕ್ಕಾಪಾಲಾಗಿ ಓಡಿದ್ದಾರೆ.

ವಿಡಿಯೋ ಅಂದೇ ಸಂಜೆ ವಾಟ್ಸಾಪ್ ಗುಂಪಿಗೆ ಹೋಯಿತು. ಮೂರು ದಿನ ಕಳೆದ ಮೇಲೆ, ಬಸ್ ನಿಲ್ದಾಣದಲ್ಲಿ ಯಾರೋ ಇಬ್ಬರು ‘ಆ ವಿಡಿಯೋ ಮಾಡಿದ ಹುಡುಗರು ಯಾರು’ ಎಂದು ವಿಚಾರಿಸುತ್ತಿದ್ದರು ಎಂದು ಗೆಳೆಯನೊಬ್ಬ ಹೇಳಿದ. ಅಂದಿನಿಂದ ಈತ ಮೊಬೈಲನ್ನು ಅಡಿಕೆ ಅಟ್ಟದ ಮೇಲೆ ಹಳೆಯ ಹಾರ್ಲಿಕ್ಸ್ ಡಬ್ಬಿಯಲ್ಲಿ ಬಚ್ಚಿಟ್ಟು, ಅದು ಅಲ್ಲಿಯೇ ಇದೆಯೇ, ತನ್ನಿಂದ ತಾನೇ ಆನ್ ಆಗಿದೆಯೇ ಎಂದು ರಾತ್ರಿಯಿಡೀ ಎದ್ದು ನೋಡತೊಡಗಿದ. ರಸ್ತೆಯ ತಿರುವಿನಲ್ಲಿ ಬೈಕು ನಿಧಾನವಾದರೆ ಸಾಕು, ಉಸಿರು ಕಟ್ಟುತ್ತಿತ್ತು. ಕಾಲೇಜಿಗೆ ಹೋಗುವ ಕಾಲುದಾರಿಯನ್ನು ಬಿಟ್ಟು ಸುತ್ತು ದಾರಿ ಹಿಡಿದಿದ್ದ. ಅಜ್ಜಿ ಮಾತ್ರ ಮೊಮ್ಮಗ ಹೆದರಿದ್ದಾನೆಂದು ಗುರುತಿಸಿ, ಚೌಡಿಯ ದೃಷ್ಟಿ ತಾಗಿರಬೇಕೆಂದು ದಾರ ಕಟ್ಟಿಸಿದ್ದರು. ಆ ದಾರವನ್ನು ತೆಗೆಯುವಂತೆ ನಾನು ಹೇಳಲಿಲ್ಲ. ಇಡೀ ಮನೆಯಲ್ಲಿ ಅವನ ಭಯವನ್ನು ಭಯವೆಂದೇ ಗುರುತಿಸಿದ್ದು ಆ ಹಿರಿಯರೊಬ್ಬರೇ.

ಇಂಥ ಸಂದರ್ಭದಲ್ಲಿ ದೊಡ್ಡವರ ಬಾಯಿಂದ ಮೊದಲು ಬರುವ ಮಾತು “ಅಲ್ಲೇನೂ ಇಲ್ಲ, ಸುಮ್ಮನೆ ಹೆದರಬೇಡ” ಎಂಬುದು. ನಾನು ಆ ಮಾತನ್ನು ಆಡಲಿಲ್ಲ, ತಂದೆತಾಯಿಗೂ ಆಡಬಾರದೆಂದೇ ಹೇಳಿದೆ. ಅಲ್ಲಿ ಏನೋ ಇತ್ತು ಎಂಬುದನ್ನು ಹುಡುಗ ಕಣ್ಣಾರೆ ಕಂಡಿದ್ದಾನೆ. ಇಲ್ಲವೆಂದು ಹೇಳುವವರ ಮೇಲೆ ಅವನಿಗೆ ನಂಬಿಕೆ ಹುಟ್ಟುವುದಾದರೂ ಹೇಗೆ? ಭಯದಲ್ಲಿ ನಿಜದ ಪಾಲು ಎಷ್ಟು ಎಂಬುದನ್ನು ಅವನ ಜೊತೆ ಕುಳಿತು ಅಳೆಯುವುದೇ ನಮ್ಮ ಕೆಲಸವಾಗಬೇಕು. ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದು, ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದು, ತಾನೇ ಊಹಿಸಿದ್ದು ಎಂದು ಮೂರು ಭಾಗ ಮಾಡಿ ಅವನ ಕೈಯಿಂದಲೇ ಬರೆಯಿಸಿದೆ. ಕಂಡದ್ದರ ಕೆಳಗೆ ಚಾಪೆ, ಇಸ್ಪೀಟು ಎಲೆ, ಕರಗಿದ ಮೇಣದಬತ್ತಿ, ಖಾಲಿ ಬಾಟಲಿ, ಮೊಬೈಲು ಬಂದವು. ರೌಡಿ ಬಂದದ್ದು ಕೇಳಿದ್ದರ ಕೆಳಗೆ. ಬಸ್ ನಿಲ್ದಾಣದ ಇಬ್ಬರನ್ನು ಅವನು ಮೊದಲು ಕಂಡದ್ದರ ಕೆಳಗೆ ಬರೆದು, ಸ್ವಲ್ಪ ಯೋಚಿಸಿ, ತಾನೇ ಹೊಡೆದುಹಾಕಿ ಪಕ್ಕಕ್ಕೆ ಬರೆದ. ಮೊಬೈಲಿನಿಂದ ತನ್ನ ಮನೆಯನ್ನು ಪತ್ತೆ ಹಚ್ಚುತ್ತಾರೆಂಬುದು ಮೂರನೆಯ ಭಾಗಕ್ಕೆ ಹೋಯಿತು.

ಆ ಮೂರನೆಯ ಭಾಗಕ್ಕೆ ಮಾಹಿತಿಯೇ ಮದ್ದು. ಆಫ್ ಆಗಿರುವ, ಸಿಮ್ ಇಲ್ಲದ ಫೋನು ಟವರಿನ ಸಂಪರ್ಕಕ್ಕೆ ಬರುವುದಿಲ್ಲ. ಟವರ್ ಲೊಕೇಶನ್ ಪಡೆಯುವ ಅಧಿಕಾರ ಖಾಸಗಿಯವರಿಗಿಲ್ಲ, ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆಯಾದ ಐಎಂಇಐಯಿಂದ ಹುಡುಕುವ ವ್ಯವಸ್ಥೆ ದೂರಸಂಪರ್ಕ ಇಲಾಖೆ ಮತ್ತು ಪೊಲೀಸರ ಕೈಯಲ್ಲಿದೆ. ಇದನ್ನು ಕೇಳಿ ಅವನಿಗೆ ಅರ್ಧ ಸಮಾಧಾನವಾಯಿತು. ಇನ್ನರ್ಧಕ್ಕೆ ಅಡ್ಡಿಯಾಗಿದ್ದದ್ದು ರೌಡಿಯಲ್ಲ, ಅಪ್ಪ. ಪೊಲೀಸರಿಗೆ ಫೋನು ಒಪ್ಪಿಸಿದರೆ ಲಾಕಪ್ಪಿಗೆ ಹಾಕುತ್ತಾರೆ, ಒಪ್ಪಿಸದಿದ್ದರೆ ರೌಡಿಗಳು ಬರುತ್ತಾರೆ, ಎರಡರಲ್ಲಿ ಯಾವುದಾದರೂ ಅಪ್ಪ ಹೊಡೆಯುತ್ತಾರೆ ಎಂಬ ಲೆಕ್ಕದಲ್ಲಿ ಅವನು ಸಿಕ್ಕಿಕೊಂಡಿದ್ದ.

ಅವನ ಒಪ್ಪಿಗೆ ಪಡೆದೇ ತಂದೆಯನ್ನು ಕರೆಸಿದೆ. ತೋಟ ಮಾಡುವ, ಮಾತು ಕಡಿಮೆಯ ಮನುಷ್ಯ. “ಎರಡು ಬಿಟ್ಟರೆ ಬುದ್ಧಿ ಬರುತ್ತದೆ” ಎಂಬುದೇ ಅವರ ಮೊದಲ ಮಾತಾಗಿತ್ತು. ಮಗ ಮಾಡಿದ್ದು ಸರಿಯೆಂದು ನಾನು ವಾದಿಸಲಿಲ್ಲ. ಅಟ್ಟದ ಹಲಗೆ ಇನ್ನೊಂದು ಮುರಿದಿದ್ದರೆ, ಪೊದೆಯ ನಡುವಿನ ಹಾಳುಬಾವಿ ಕಾಣದಿದ್ದರೆ, ಹೆಂಚಿನ ರಾಶಿಯೊಳಗೆ ಕೊಳಕುಮಂಡಲ ಹಾವು ಇದ್ದಿದ್ದರೆ ನಾವು ಬೇರೆಯೇ ಮಾತನಾಡುತ್ತಿದ್ದೆವು ಎಂಬುದನ್ನು ಹುಡುಗನ ಎದುರೇ ಹೇಳಿದೆ. ಆದರೆ ಈ ವಯಸ್ಸಿನವರು ಒಬ್ಬರೇ ಇದ್ದಾಗ ಮಾಡದ ಸಾಹಸವನ್ನು ಗೆಳೆಯರ ನಡುವೆ ಮಾಡುತ್ತಾರೆ. ಮನೋವಿಜ್ಞಾನಿಗಳಾದ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಂಪ್ಯೂಟರಿನ ಕಾರು ಓಡಿಸುವ ಆಟವನ್ನು ಗೆಳೆಯರ ಎದುರು ಆಡಿದಾಗ ಹದಿಹರೆಯದವರು ಎದುರಿಸಿದ ಅಪಾಯ ಬಹಳ ಹೆಚ್ಚಿತು, ವಯಸ್ಕರಲ್ಲಿ ಹಾಗಾಗಲಿಲ್ಲ. ಹೊಡೆತದಿಂದ ಈ ಸ್ವಭಾವ ಬದಲಾಗುವುದಿಲ್ಲ, ಮುಂದಿನ ಸಲ ಮಗ ನಿಮಗೆ ಹೇಳುವ ದಾರಿ ಮಾತ್ರ ಮುಚ್ಚುತ್ತದೆ ಎಂದೆ. ಅವರು ಎದ್ದು ಕಿಟಕಿಯ ಬಳಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ: “ಇಷ್ಟು ದಿನ ಒಬ್ಬನೇ ಹೇಗೆ ಇಟ್ಕೊಂಡಿದ್ದೆ ಮಾರಾಯಾ?” ಹುಡುಗ ಅತ್ತದ್ದು ಆಗ.

ಕಾನೂನಿನ ವಿಷಯವನ್ನು ಇಬ್ಬರಿಗೂ ಒಟ್ಟಿಗೆ ತಿಳಿಸಿದೆ. ಬೇರೆಯವರ ಮನೆಗೆ ನುಗ್ಗುವುದು, ವಸ್ತು ತರುವುದು ತಪ್ಪೇ. ಆದರೆ 2015ರ ಬಾಲನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 18 ವರ್ಷದೊಳಗಿನವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಮಕ್ಕಳೊಂದಿಗೆ ಸಮವಸ್ತ್ರವಿಲ್ಲದೆ ಮಾತನಾಡಬೇಕು. ಪರಿಚಿತ ವಕೀಲರೊಬ್ಬರೊಂದಿಗೆ ಅಪ್ಪ ಮಗ ಇಬ್ಬರೂ ಹೋಗಿ, ಫೋನು ಎಲ್ಲಿ, ಹೇಗೆ ಸಿಕ್ಕಿತೆಂದು ಬರೆದುಕೊಟ್ಟು, ಸ್ವೀಕೃತಿ ಪಡೆದು ಬಂದರು. ಫೋನು ಯಾರದೆಂದು ಹುಡುಗ ತಿಳಿಯಬೇಕಾಗಿಲ್ಲ, ವಿಚಾರಿಸುತ್ತ ಹೋಗುವುದೂ ಬೇಡ ಎಂದು ಸಲಹೆ ನೀಡಿದೆ. ವಿಡಿಯೋವನ್ನು ಗುಂಪಿನಿಂದ ತೆಗೆಸುವ ಕೆಲಸವನ್ನು ತಂದೆಯಂದಿರೇ ವಹಿಸಿಕೊಂಡರು. ಅಪರಿಚಿತರು ಮತ್ತೆ ವಿಚಾರಿಸಿದರೆ ಉತ್ತರ ಕೊಡದೆ ಜನವಿರುವ ಅಂಗಡಿಗೆ ಹೋಗಿ ಮನೆಗೆ ತಿಳಿಸುವುದು, ಅಗತ್ಯಬಿದ್ದರೆ 112ಕ್ಕೆ ಕರೆ ಮಾಡುವುದು ಎಂದು ನಾಲ್ಕೂ ಮನೆಗಳಲ್ಲಿ ತೀರ್ಮಾನವಾಯಿತು.

ಭಯದ ಚಿಕಿತ್ಸೆ ಇದರ ನಂತರದ್ದು. ಡಬ್ಬಿ ಖಾಲಿಯಾದ ಮೇಲೂ ಅವನು ಕೆಲವು ರಾತ್ರಿ ಅಟ್ಟ ಹತ್ತಿದ. ಮತ್ತೆ ಮತ್ತೆ ನೋಡಿ ಖಾತ್ರಿ ಮಾಡಿಕೊಳ್ಳುವ ಅಭ್ಯಾಸ ಕಾರಣ ಹೋದ ಮೇಲೂ ಉಳಿಯುತ್ತದೆ. ಏಣಿಯನ್ನು ಕೊಟ್ಟಿಗೆಯಲ್ಲಿಡುವಂತೆ, ಎದ್ದಾಗ ಹತ್ತು ನಿಮಿಷ ನಿಧಾನವಾಗಿ ಉಸಿರಾಡುತ್ತಾ ಜಗಲಿಯಲ್ಲಿ ಕುಳಿತು ಮಲಗುವಂತೆ ಹೇಳಿದೆ. ಕಾಲುದಾರಿಯ ವಿಷಯದಲ್ಲಿ ಮೊದಲು ಅಪ್ಪನೊಂದಿಗೆ ಅರ್ಧ ದಾರಿ, ಆಮೇಲೆ ಪೂರ್ತಿ, ಬಳಿಕ ಗೆಳೆಯನೊಂದಿಗೆ ಎಂಬಂತೆ ಹಂತಹಂತವಾಗಿ ನಡೆಸಿದೆವು. ಆ ಮನೆಯಲ್ಲಿ ಮೊದಲು ಯಾರಿದ್ದರೆಂದು ದೊಡ್ಡಪ್ಪನನ್ನು ಕೇಳಿ ಬರಲೂ ಹೇಳಿದ್ದೆ. ಪಾಲಿನ ವ್ಯಾಜ್ಯದಲ್ಲಿ ಅಣ್ಣತಮ್ಮಂದಿರು ಬೆಂಗಳೂರು ಸೇರಿದ್ದು, ಒಬ್ಬಂಟಿಯಾಗಿ ಉಳಿದಿದ್ದ ಅವರ ತಾಯಿ ಅಲ್ಲಿಯೇ ತೀರಿಕೊಂಡದ್ದು, ನಂತರ ಒಮ್ಮೆ ಪೊಲೀಸರು ಯಾರನ್ನೋ ಹುಡುಕಿಕೊಂಡು ಬಂದು ಹೋದದ್ದು, ಅಷ್ಟರಿಂದಲೇ ‘ಡಾನ್ ಮನೆ’ ಹುಟ್ಟಿದ್ದು ಅವನಿಗೆ ತಿಳಿಯಿತು. ಇಸ್ಪೀಟಾಡುವವರು ಈಚೆಗೆ ಅದನ್ನು ಬಳಸುತ್ತಿದ್ದಿರಬಹುದು. ವಾರಸುದಾರರಿಗೆ ವಿಷಯ ತಿಳಿಸಿ ಕೊಟ್ಟಿಗೆಯ ಬಾಗಿಲು ಭದ್ರಪಡಿಸಲಾಗಿದೆ.

ಕುತೂಹಲವನ್ನು ಕೊಲ್ಲಬಾರದೆಂದು ತಂದೆತಾಯಿಗೆ ಒತ್ತಿ ಹೇಳಿದೆ. ಅದೇ ತಾಲ್ಲೂಕಿನಲ್ಲಿ, 1763ರಲ್ಲಿ ಹೈದರಾಲಿಯ ವಶವಾದ ನಗರದ ಕೋಟೆಯಿದೆ. ತೀರ್ಥಹಳ್ಳಿ ಕಡೆ ಹೋದರೆ ಕವಲೇದುರ್ಗವಿದೆ. ಪರೀಕ್ಷೆ ಮುಗಿದ ಮೇಲೆ ನಾಲ್ವರನ್ನೂ ದೊಡ್ಡವರೊಬ್ಬರು ಕರೆದುಕೊಂಡು ಹೋಗಲಿ ಎಂದಿದ್ದೆ, ದೊಡ್ಡಪ್ಪ ಕರೆದೊಯ್ದರು.

ಘಟನೆ ನಡೆದು ಒಂದು ತಿಂಗಳು ಮೀರಿದ ಮೇಲೂ ದುಃಸ್ವಪ್ನ, ಬೆಚ್ಚಿಬೀಳುವುದು, ದೂರ ಉಳಿಯುವುದು ಅದೇ ತೀವ್ರತೆಯಲ್ಲಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಶಿವಮೊಗ್ಗದವರೆಗೆ ಬರಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಹುಡುಗನಿಗೆ ಔಷಧಿ ಬೇಕಾಗಲಿಲ್ಲ. ಏಪ್ರಿಲ್ ಭೇಟಿಯ ಹೊತ್ತಿಗೆ ನಿದ್ದೆ ಬಹುಮಟ್ಟಿಗೆ ಸರಿಹೋಗಿತ್ತು, ಬೈಕಿನ ಸದ್ದಿಗೆ ಬೆಚ್ಚುವುದು ಸ್ವಲ್ಪ ಉಳಿದಿತ್ತು. ಅಟ್ಟದಲ್ಲಿ ಕಾಲು ಸಿಕ್ಕಿಸಿಕೊಂಡಿದ್ದ ಗೆಳೆಯನನ್ನೂ ಅವನ ತಾಯಿ ಆಮೇಲೆ ಕರೆತಂದರು. ಅವನ ತೊಂದರೆ ಬೇರೆ ಸ್ವರೂಪದ್ದಾದ್ದರಿಂದ ಅವನನ್ನು ಪ್ರತ್ಯೇಕವಾಗಿ ನೋಡುತ್ತಿದ್ದೇನೆ.