ಯುದ್ಧದ ನಂತರ ಪಶ್ಚಿಮ ಜರ್ಮನಿ ಉದ್ಧಾರವಾಗಿದ್ದು ಮುಕ್ತ ಮಾರುಕಟ್ಟೆಯಿಂದಲೋ, ಅಮೆರಿಕದ ದುಡ್ಡಿನಿಂದಲೋ?

ಈ ಜಗಳ ಜರ್ಮನಿಯಲ್ಲೇ ಇನ್ನೂ ಮುಗಿದಿಲ್ಲ. ಮಾರುಕಟ್ಟೆ ಪರ ಇರುವವರು ಆಗ ಆರ್ಥಿಕ ಆಡಳಿತದ ಮುಖ್ಯಸ್ಥರಾಗಿದ್ದ ಲುಡ್ವಿಗ್ ಎರ್ಹಾರ್ಡ್ ಹೆಸರು ಹೇಳುತ್ತಾರೆ, ಎದುರಿನವರು ಯುದ್ಧದ ನಂತರ ಯುರೋಪಿಗೆ ಅಮೆರಿಕ ಕೊಟ್ಟ ನೆರವು, ಅಂದರೆ ಮಾರ್ಷಲ್ ಯೋಜನೆ ಎನ್ನುತ್ತಾರೆ. ನನ್ನ ಪ್ರಕಾರ ಇಬ್ಬರೂ ಹೇಳದೆ ಬಿಡುವ ವಿಷಯವೇ ಜಾಸ್ತಿ ಮುಖ್ಯ: ಸಾಲ ಯಾರು ಬಿಟ್ಟರು, ಹೊಟ್ಟೆ ಯಾರು ಕಟ್ಟಿಕೊಂಡರು.

ಮೊದಲು ಎಲ್ಲರೂ ಹೇಳುವ ಅಂಗಡಿ ಕಥೆ. 1948ರ ಜೂನ್ 20, ಭಾನುವಾರ. ಜನ ರೇಷನ್ ಕಾರ್ಡ್ ಕಚೇರಿಗಳ ಮುಂದೆ ಕ್ಯೂ ನಿಂತು ತಲೆಗೆ 40 ಹೊಸ ಮಾರ್ಕ್ ಇಸ್ಕೊಂಡರು. ನೋಟು ಅಮೆರಿಕದಲ್ಲಿ ಪ್ರಿಂಟ್ ಆಗಿ ಗುಟ್ಟಾಗಿ ಹಡಗಿನಲ್ಲಿ ಬಂದಿತ್ತು. ಅಲ್ಲಿಯವರೆಗೆ ಹಳೇ ನೋಟಿಗೆ ಮರ್ಯಾದೆಯೇ ಇರಲಿಲ್ಲ, ಕಾಳಸಂತೆಯಲ್ಲಿ ಅಮೆರಿಕನ್ ಸಿಗರೇಟೇ ದುಡ್ಡು. ಸೋಮವಾರ ನೋಡಿದರೆ ಅಂಗಡಿ ತುಂಬಾ ಪಾತ್ರೆ, ಬೂಟು, ಬಟ್ಟೆ! ಪವಾಡ ಎಂದರು. ಒಂದು ರಾತ್ರಿಯಲ್ಲಿ ಯಾವ ಫ್ಯಾಕ್ಟರಿ ಅಷ್ಟು ಬೂಟು ಹೊಲಿಯುತ್ತದೆ ಸ್ವಾಮಿ? ಹೊಸ ನೋಟು ಬರಲಿ ಅಂತ ವ್ಯಾಪಾರಿಗಳು ಮಾಲನ್ನು ಗೋಡೌನಿನಲ್ಲಿ ಬಚ್ಚಿಟ್ಟಿದ್ದರು, ಅಷ್ಟೇ. ಬ್ಯಾಂಕಿನಲ್ಲಿ 100 ಹಳೇ ಮಾರ್ಕ್ ಇಟ್ಟವರಿಗೆ ಕೊನೆಗೆ ಸಿಕ್ಕಿದ್ದು ಸುಮಾರು ಆರೂವರೆ. ಮನೆ, ಜಮೀನು, ಷೇರು ಇದ್ದವರ ಆಸ್ತಿ ಹಾಗೇ ಉಳಿಯಿತು. (ನಮ್ಮ ನೋಟ್‌ಬಂದಿಯಲ್ಲಿ ಬ್ಯಾಂಕಿಗೆ ಕಟ್ಟಿದ ದುಡ್ಡಾದರೂ ಉಳಿದಿತ್ತು.)

ಎರ್ಹಾರ್ಡ್ ಅದರ ಜೊತೆಗೇ ಬಹಳಷ್ಟು ಸಾಮಾನುಗಳ ಮೇಲಿನ ಬೆಲೆ ನಿಯಂತ್ರಣ ತೆಗೆದರು. ಅದಕ್ಕೆ ಧೈರ್ಯ ಬೇಕಿತ್ತು, ಒಪ್ಪುತ್ತೇನೆ. ಆ ಹೆಜ್ಜೆ ಇಡದಿದ್ದರೆ ಗೋಡೌನಿನ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಮನೆ ಬಾಡಿಗೆ, ಕಲ್ಲಿದ್ದಲು, ಉಕ್ಕು, ಮುಖ್ಯ ಆಹಾರ ಪದಾರ್ಥಗಳ ಬೆಲೆ ಸರ್ಕಾರದ ಕೈಯಲ್ಲೇ ಇತ್ತು. ಕೂಲಿಯನ್ನೂ ನವೆಂಬರ್‌ವರೆಗೆ ಏರಲು ಬಿಡಲಿಲ್ಲ. ಬೆಲೆ ಏರಿತು, ಸಂಬಳ ನಿಂತಲ್ಲೇ ನಿಂತಿತು, ಜನ ಸುಮ್ನೆ ಇರುತ್ತಾರಾ? ಅಕ್ಟೋಬರ್ 28ರಂದು ಸ್ಟುಟ್‌ಗಾರ್ಟ್‌ನಲ್ಲಿ ಪ್ರತಿಭಟನೆ ಗಲಾಟೆಗೆ ತಿರುಗಿ, ಅಮೆರಿಕದ ಸೈನ್ಯ ಅಶ್ರುವಾಯು ಹಿಡಿದು ಬೀದಿಗಿಳಿಯಿತು. ನವೆಂಬರ್ 12ಕ್ಕೆ 90 ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಒಂದು ದಿನ ಕೆಲಸ ನಿಲ್ಲಿಸಿದರು. 1950ರ ಶುರುವಿನಲ್ಲಿ ನಿರುದ್ಯೋಗಿಗಳೇ ಸುಮಾರು 20 ಲಕ್ಷ. ಎರ್ಹಾರ್ಡ್ ಕಥೆ ಹೇಳುವವರು ಈ ಎರಡು ವರ್ಷವನ್ನು ಹಾರಿಸಿಬಿಡುತ್ತಾರೆ. ಆಮೇಲೆ ಕೊರಿಯಾ ಯುದ್ಧ ಬಂತು, ಜಗತ್ತಿಗೆಲ್ಲ ಯಂತ್ರ ಬೇಕಾಯಿತು, ಜರ್ಮನಿ ಮಾರಿತು.

ಮಾರುವುದಕ್ಕೆ ಯಂತ್ರ ಎಲ್ಲಿಂದ ಬಂತು? ಬಾಂಬಿಗೆ ಜಾಸ್ತಿ ಬಲಿಯಾಗಿದ್ದು ಮನೆಗಳು, ರೈಲು, ಸೇತುವೆ. ಫ್ಯಾಕ್ಟರಿಗಳ ಯಂತ್ರ ಜನ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಉಳಿದಿತ್ತು. ಪೂರ್ವ ಯುರೋಪಿನಿಂದ ಓಡಿಸಲ್ಪಟ್ಟು ಬಂದ ಜರ್ಮನ್ನರು 1950ರ ಹೊತ್ತಿಗೆ ಸುಮಾರು 80 ಲಕ್ಷ ಇದ್ದರು. ಕೆಲಸ ಗೊತ್ತಿದ್ದ ಕೈಗಳು, ಕಡಿಮೆ ಕೂಲಿ.

ಮಾರ್ಷಲ್ ದುಡ್ಡು ಸುಮಾರು 140 ಕೋಟಿ ಡಾಲರ್. ಬೇಡವಾಗಿತ್ತು ಎನ್ನಲಾರೆ, ಅದರಿಂದ ಹುಟ್ಟಿದ ನಿಧಿಯಿಂದ ಕೈಗಾರಿಕೆಗೆ ಸಾಲ ಸಿಕ್ಕಿತು. ಆದರೆ ಬ್ರಿಟನ್‌ಗೆ ಅದರ ಎರಡು ಪಟ್ಟಿಗೂ ಜಾಸ್ತಿ ಸಿಕ್ಕಿತ್ತು, ಬ್ರಿಟನ್ ಅಷ್ಟು ಓಡಲಿಲ್ಲವಲ್ಲ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಉಪಕಾರ 1953ರ ಲಂಡನ್ ಒಪ್ಪಂದ. ಯುದ್ಧಕ್ಕೆ ಮುಂಚಿನದು, ನಂತರದ್ದು ಸೇರಿ ವಿದೇಶಿ ಸಾಲದಲ್ಲಿ ಹತ್ತಿರಹತ್ತಿರ ಅರ್ಧ ಮನ್ನಾ ಆಯಿತು, ಉಳಿದದ್ದಕ್ಕೆ ದೀರ್ಘ ಕಂತು. ಸಾಲ ಕೊಟ್ಟವರಲ್ಲಿ ಗ್ರೀಸ್ ಕೂಡ ಇತ್ತು. 2010ರ ನಂತರ ಗ್ರೀಸ್ ಸಾಲದಲ್ಲಿ ಮುಳುಗಿದಾಗ ಬರ್ಲಿನ್ ಶಿಸ್ತಿನ ಪಾಠ ಹೇಳಿತು, ಅಥೆನ್ಸ್‌ನವರು ಈ ಒಪ್ಪಂದವನ್ನು ಎತ್ತಿ ತೋರಿಸಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಇನ್ನು ಮತದಾರರು ಮೆಚ್ಚಿದ್ದು ಮುಕ್ತ ಮಾರುಕಟ್ಟೆಯನ್ನೇ ಎನ್ನುವ ವಾದವೂ ಪೂರ್ತಿ ನಿಲ್ಲುವುದಿಲ್ಲ. 1957ರಲ್ಲಿ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಅಡೆನವರ್ ಪಿಂಚಣಿಯನ್ನು ಸಂಬಳದ ಜೊತೆ ಏರುವ ಹಾಗೆ ಮಾಡಿದರು. ಎರ್ಹಾರ್ಡ್‌ಗೆ ಅದು ಇಷ್ಟವೇ ಇರಲಿಲ್ಲ. ಅದೇ ವರ್ಷದ ಚುನಾವಣೆಯಲ್ಲಿ ಅಡೆನವರ್ ಪಕ್ಷಕೂಟಕ್ಕೆ 50.2 ಶೇಕಡಾ ಮತ ಬಿತ್ತು.