ಕೈಬಿಗಿ, ಕೈಬಿಚ್ಚು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮದುವೆಯಾಗಿ ಎರಡು ವರ್ಷವಾಯಿತು. ಇಬ್ಬರೂ ದುಡಿಯುತ್ತೇವೆ. ನನ್ನ ತವರಿನಲ್ಲಿ ಪೈಸೆ ಪೈಸೆಗೂ ಲೆಕ್ಕ. ಪತಿಯ ಮನೆಯಲ್ಲಿ ನೆಂಟರಿಗೆ ಕೊಡುವಾಗ, ಸಮಾರಂಭ ಮಾಡುವಾಗ ಯಾರೂ ಹಿಂದೆಮುಂದೆ ನೋಡುವುದಿಲ್ಲ. ತಿಂಗಳ ಕೊನೆಗೆ ನಾನು ಜಿಪುಣಿ, ಅವರು ದುಂದುಗಾರ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಯಾರು ಬದಲಾಗಬೇಕು?

ಉತ್ತರ: ಕಷ್ಟಕಾಲಕ್ಕೆ ಸಿದ್ಧರಾಗಿರಬೇಕು ಎಂಬ ಪಾಠವನ್ನು ನೀವಿಬ್ಬರೂ ಕಲಿತಿದ್ದೀರಿ, ಕಲಿತ ದಾರಿ ಮಾತ್ರ ಬೇರೆ. ಆಪತ್ತಿಗೆ ಯಾರೂ ಒದಗುವುದಿಲ್ಲ ಎಂದು ಕಂಡುಂಡ ಮನೆಯವರು ದುಡ್ಡನ್ನು ಕೂಡಿಡುತ್ತಾರೆ. ನೆಂಟರಿಷ್ಟರೇ ಕೈಹಿಡಿದು ಎತ್ತಿದ್ದನ್ನು ಕಂಡ ಮನೆಯವರು ಸಂಬಂಧಗಳನ್ನು ಕೂಡಿಡುತ್ತಾರೆ. ಕೊಡುವುದು, ತೆಗೆದುಕೊಳ್ಳುವುದು, ಮರಳಿ ಕೊಡುವುದು ಈ ಮೂರೂ ಸಮಾಜ ಹೊರಿಸಿದ ಕರ್ತವ್ಯಗಳು ಎಂಬುದೇ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಬಂಧದ ತಿರುಳು. ನಿಮ್ಮ ಕಣ್ಣಿಗೆ ಸೋರಿಕೆಯಾಗಿ ಕಾಣುವ ಹಣ ಅವರ ಪಾಲಿಗೆ ವಿಮೆಯ ಕಂತು. ಆದ್ದರಿಂದ ಯಾರು ಬದಲಾಗಬೇಕು ಎಂಬ ಚರ್ಚೆಯನ್ನು ಕೈಬಿಟ್ಟು ಕಾಗದ ತೆಗೆದುಕೊಳ್ಳಿ.

ಒಂದು ತಿಂಗಳು ಇಬ್ಬರೂ ಬೇರೆ ಬೇರೆ ಪುಸ್ತಕದಲ್ಲಿ ಖರ್ಚು ಬರೆಯಿರಿ. ದಿನಾಂಕ, ಮೊತ್ತ, ಯಾರಿಗಾಗಿ, ಮಾಡದಿದ್ದರೆ ಏನಾಗುತ್ತಿತ್ತು ಎಂದು ನಾಲ್ಕು ಅಂಕಣ ಸಾಕು. ಕೊನೆಯ ಅಂಕಣವನ್ನು ಖಾಲಿ ಬಿಡಬೇಡಿ, ಜಗಳದ ಬೇರು ಇರುವುದು ಅಲ್ಲೇ. ತಿಂಗಳು ಮುಗಿದ ಮೇಲೆ ಪುಸ್ತಕ ಅದಲುಬದಲು ಮಾಡಿಕೊಂಡು, ಒಬ್ಬರ ಪ್ರತಿ ಸಾಲಿಗೂ ಇನ್ನೊಬ್ಬರು ‘ಬೇಕೇಬೇಕು’, ‘ಆಸೆ’, ‘ಕರ್ತವ್ಯ’ ಎಂಬ ಮೂರರಲ್ಲಿ ಒಂದು ಗುರುತು ಹಾಕಿ. ಬರೆದವರು ತಮ್ಮ ಗುರುತನ್ನು ಪಕ್ಕದಲ್ಲಿ ಹಾಕಲಿ. ಗುರುತು ಹೊಂದದ ಸಾಲುಗಳ ಬಗ್ಗೆ ಮಾತ್ರ ಮಾತಾಡಿ. ಸೋದರಸಂಬಂಧಿಯ ಮದುವೆಗೆ ಕೊಟ್ಟ ಉಡುಗೊರೆಗೆ ನೀವು ‘ಆಸೆ’ ಎಂದು ಹಾಕಿರುತ್ತೀರಿ, ಅವರು ‘ಕರ್ತವ್ಯ’ ಎಂದು. ನಾಲ್ಕನೆಯ ಅಂಕಣದಲ್ಲಿ ಅವರು ‘ಅಪ್ಪನ ಶಸ್ತ್ರಚಿಕಿತ್ಸೆಗೆ ಅವರೇ ಹಣ ಹೊಂದಿಸಿದ್ದರು’ ಎಂದು ಬರೆದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಉಳಿದರ್ಧ, ಎಷ್ಟು ಕೊಡಬೇಕು ಎಂಬುದು. ಅದಕ್ಕೆ ಕರ್ತವ್ಯದ ಬಾಬತ್ತನ್ನೇ ಬೇರೆ ಮಾಡಿ, ವರ್ಷಕ್ಕೆ ಇಷ್ಟು ಎಂದು ನಿಗದಿಪಡಿಸಿ, 12ರಿಂದ ಭಾಗಿಸಿ ತಿಂಗಳು ತಿಂಗಳು ತೆಗೆದಿಡಿ. ಆ ಹಣದೊಳಗೆ ಯಾರಿಗೆ ಎಷ್ಟು ಕೊಡಬೇಕೆಂದು ಪತಿ ನಿರ್ಧರಿಸಲಿ, ನೀವು ಪ್ರಶ್ನಿಸಬೇಡಿ.

ಖಾತೆ ಮೂರಿರಲಿ: ಮನೆಯದು ಒಂದು, ನಿಮ್ಮದೊಂದು, ಅವರದೊಂದು. ಮನೆಯ ಖಾತೆಗೆ ಇಬ್ಬರೂ ಸಮಸಮ ಹಾಕುವುದು ನ್ಯಾಯವಾಗಿ ಕಂಡರೂ ಅಲ್ಲ. ಇಬ್ಬರ ಆದಾಯ ಸೇರಿ 100 ಎಂದಿಟ್ಟುಕೊಳ್ಳಿ, ಒಬ್ಬರದು 60, ಇನ್ನೊಬ್ಬರದು 40, ಮನೆಗೆ ಬೇಕಾದ್ದು 50. ಸಮಪಾಲಾದರೆ ತಲಾ 25 ಹೋಗಿ ಒಬ್ಬರ ಕೈಯಲ್ಲಿ 35, ಇನ್ನೊಬ್ಬರ ಕೈಯಲ್ಲಿ ಬರೀ 15 ಉಳಿಯುತ್ತದೆ. ಕಡಿಮೆ ಸಂಬಳದವರು ಸಹಜವಾಗಿಯೇ ಕೈ ಬಿಗಿಯುತ್ತಾರೆ, ಆಮೇಲೆ ಅದನ್ನೇ ಜಿಪುಣತನ ಎನ್ನಲಾಗುತ್ತದೆ! ಆದಾಯಕ್ಕೆ ತಕ್ಕಂತೆ 30 ಮತ್ತು 20 ಹಾಕಿದರೆ ಇಬ್ಬರಿಗೂ ಅವರವರ ದುಡಿಮೆಯ ಅರ್ಧ ಉಳಿಯುತ್ತದೆ. ಉಳಿತಾಯದ ಹಣ ಸಂಬಳ ಬಂದ ದಿನವೇ ತಾನಾಗಿ ಕಡಿತವಾಗಲಿ. ಇಬ್ಬರ ಒಟ್ಟು ತಿಂಗಳ ಆದಾಯದ ಶೇ. 2ನ್ನು ಮೀರಿದ ಖರ್ಚಿಗೆ ಪರಸ್ಪರ ಒಪ್ಪಿಗೆ ಬೇಕು ಎಂದು ಗೆರೆ ಎಳೆದುಕೊಳ್ಳಿ.

ಈ ಏರ್ಪಾಡು ಮುರಿದುಬೀಳುವುದು ಸಾಮಾನ್ಯವಾಗಿ ಮೂರು ಕಡೆ. ವಿಮೆ, ಶಾಲಾ ಶುಲ್ಕ, ದುರಸ್ತಿಯಂಥ ವರ್ಷಕ್ಕೊಮ್ಮೆ ಬರುವ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ, ಪ್ರತಿ ತಿಂಗಳೂ ‘ಈ ಸಲ ಮಾತ್ರ ಹೆಚ್ಚಾಯಿತು’ ಅನ್ನಿಸುವುದು ಒಂದು. ಇವನ್ನೂ ಒಟ್ಟು ಮಾಡಿ 12ರಿಂದ ಭಾಗಿಸಿ. ಪುಸ್ತಕ ಬರೆಯುವ ಒಬ್ಬರು ಪೊಲೀಸರಾಗಿಬಿಡುವುದು ಇನ್ನೊಂದು. ತಿಂಗಳು ಬಿಟ್ಟು ತಿಂಗಳು ಕೈ ಬದಲಾಗಲಿ. ಅವರವರ ಸ್ವಂತ ಖಾತೆಯ ಲೆಕ್ಕ ಕೇಳುವುದು ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಕೆಡಿಸುವಂಥದ್ದು. ಅದನ್ನು ಕೇಳಲೇಬೇಡಿ.

ಪ್ರಶ್ನೆ: ಕೆಲವು ದೇಶದವರ, ಕೆಲವು ಧರ್ಮದವರ ರಕ್ತದಲ್ಲೇ ಉಳಿತಾಯ ಇದೆ ಎನ್ನುತ್ತಾರಲ್ಲ, ನಿಜವೇ?

ಉತ್ತರ: ಇಲ್ಲ. ಮಿತವ್ಯಯಕ್ಕೂ ಧರ್ಮಕ್ಕೂ ನಂಟು ಹಾಕಿದವರಲ್ಲಿ ಹೆಸರುವಾಸಿಯಾದವರು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್. ದುಡಿದು, ಭೋಗಿಸದೆ, ಮತ್ತೆ ಬಂಡವಾಳ ಹೂಡುವ ಗುಣ ಕ್ರೈಸ್ತರಲ್ಲಿನ ಪ್ರೊಟೆಸ್ಟೆಂಟ್ ಪಂಥದ ಶಿಸ್ತಿನಿಂದ ಬೆಳೆಯಿತು ಎಂದು 1904–05ರಲ್ಲಿ ವಾದಿಸಿದರು. ಸಾಶಾ ಬೆಕರ್ ಮತ್ತು ಲುಡ್ಗರ್ ವೋಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 19ನೇ ಶತಮಾನದ ಜರ್ಮನ್ ರಾಜ್ಯ ಪ್ರಷ್ಯಾದ ಜಿಲ್ಲೆಗಳ ಅಂಕಿಅಂಶ ಹಿಡಿದು 2009ರಲ್ಲಿ ಬೇರೆಯದೇ ಉತ್ತರ ಕೊಟ್ಟರು: ಬೈಬಲ್ ಓದಲೆಂದು ಅಕ್ಷರ ಕಲಿತದ್ದೇ ಅಲ್ಲಿನ ಪ್ರೊಟೆಸ್ಟೆಂಟರ ಏಳಿಗೆಯನ್ನು ಬಹುಮಟ್ಟಿಗೆ ವಿವರಿಸುತ್ತದೆ.

ಜಪಾನಿನ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿನ ಕುಟುಂಬಗಳು 1970ರ ದಶಕದ ಮಧ್ಯದಲ್ಲಿ ಖರ್ಚಿಗೆ ಸಿಗುವ ಆದಾಯದ ಶೇ. 20ಕ್ಕಿಂತ ಹೆಚ್ಚನ್ನು ಉಳಿಸುತ್ತಿದ್ದವು. 2000ದ ದಶಕದಲ್ಲಿ ಅದು ಒಂದಂಕಿಗೆ ಇಳಿಯಿತು. ರಕ್ತ ಬದಲಾಗಿರಲಿಲ್ಲ, ವಯಸ್ಸಾದವರ ಸಂಖ್ಯೆ ಹೆಚ್ಚಿ, ಅವರು ಕೂಡಿಟ್ಟದ್ದನ್ನು ಕರಗಿಸತೊಡಗಿದ್ದರು, ಆದಾಯದ ಏರಿಕೆಯೂ ನಿಂತಿತ್ತು. ಅದಕ್ಕೆ ಮೊದಲು ಕಂಡ ಉಳಿತಾಯವಾದರೂ ತಾನಾಗಿ ಹುಟ್ಟಿದ್ದಲ್ಲ. ಅಂಚೆ ಉಳಿತಾಯ ಅಲ್ಲಿ 1875ರಲ್ಲೇ ಶುರುವಾಗಿತ್ತು. ಪತ್ರಕರ್ತೆ ಹಾನಿ ಮೊತೊಕೊ ಗೃಹಿಣಿಯರಿಗೆಂದು ‘ಕಕೇಬೊ’ ಎಂಬ ಮನೆಲೆಕ್ಕದ ಪುಸ್ತಕವನ್ನು 1904ರಲ್ಲಿ ಹೊರತಂದರು. ಸ್ಕಾಟ್ಲೆಂಡಿನಲ್ಲೂ ಹೀಗೆಯೇ: ಬ್ಯಾಂಕುಗಳು ಕನಿಷ್ಠ 10 ಪೌಂಡ್ ಕೇಳುತ್ತಿದ್ದ ಕಾಲದಲ್ಲಿ ಪಾದ್ರಿ ಹೆನ್ರಿ ಡಂಕನ್ 1810ರಲ್ಲಿ ರಥ್‌ವೆಲ್ ಎಂಬ ಹಳ್ಳಿಯಲ್ಲಿ 6 ಪೆನ್ಸ್‌ನಿಂದ ಖಾತೆ ತೆರೆಯಬಹುದಾದ ಉಳಿತಾಯ ಬ್ಯಾಂಕ್ ಕಟ್ಟಿದರು. ಸಣ್ಣ ಮೊತ್ತವನ್ನು ಭದ್ರವಾಗಿ ಇಡಲು ಜಾಗ ಸಿಕ್ಕಿದ ಮೇಲೆಯೇ ಬಡವರ ಉಳಿತಾಯ ಲೆಕ್ಕಕ್ಕೆ ಬಂದದ್ದು. ಅದಿಲ್ಲದ ಕಡೆ ಬಡವರನ್ನು ದುಂದುಗಾರರೆಂದು ಕರೆಯುವುದು ಅನ್ಯಾಯ.

ಪ್ರಶ್ನೆ: ತಂದೆಗೆ 72 ವರ್ಷ. ಪಿಂಚಣಿ ಇದೆ, ಸಾಲವಿಲ್ಲ. ಆದರೂ ಕಿವಿಗೆ ಶ್ರವಣ ಸಾಧನ ಕೊಳ್ಳಲು ಕೈ ಬರುವುದಿಲ್ಲ. ಹೇಗೆ ಒಪ್ಪಿಸುವುದು?

ಉತ್ತರ: ಉಳಿಸುವುದರಲ್ಲಿ ಸಂತೋಷ ಪಡುವುದು ಬೇರೆ, ಕೊಡುವಾಗ ಸಂಕಟ ಪಡುವುದು ಬೇರೆ. ಸ್ಕಾಟ್ ರಿಕ್, ಸಿಂಥಿಯಾ ಕ್ರೈಡರ್ ಮತ್ತು ಜಾರ್ಜ್ ಲೋವನ್‌ಸ್ಟೈನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭೇದವನ್ನೇ ಎತ್ತಿ ತೋರಿಸಿತು. ಎರಡನೆಯ ಬಗೆಯವರು ತಮಗೇ ಬೇಕೆನಿಸುವುದಕ್ಕಿಂತಲೂ ಕಡಿಮೆ ಖರ್ಚು ಮಾಡುತ್ತಾರೆ. 5 ಡಾಲರ್ ಶುಲ್ಕವನ್ನು ‘ಸಣ್ಣ 5 ಡಾಲರ್ ಶುಲ್ಕ’ ಎಂದು ಬರೆದಾಗ ಅಂಥವರಲ್ಲಿ ಒಪ್ಪಿದವರ ಪ್ರಮಾಣ ಹೆಚ್ಚಿತು. ನೋವು ಮೊತ್ತದಲ್ಲಷ್ಟೇ ಇಲ್ಲ, ಕೊಡುವ ಗಳಿಗೆಯಲ್ಲೂ ಇದೆ. ಹರಾಜಿನಲ್ಲಿ ಕಾರ್ಡಿನಿಂದ ಕೊಡುವವರು ನಗದು ಕೊಡುವವರಿಗಿಂತ ಹೆಚ್ಚಿನ ಬೆಲೆ ಹೇಳುತ್ತಾರೆಂದು ಸಂಶೋಧಕರಾದ ಪ್ರೆಲೆಕ್ ಮತ್ತು ಸಿಮೆಸ್ಟರ್ 2001ರಲ್ಲಿ ತೋರಿಸಿದ್ದೂ ಇದಕ್ಕೆ ಹೊಂದುತ್ತದೆ.

ಹಾಗಾಗಿ ಆ ಗಳಿಗೆಯನ್ನು ಖರೀದಿಯಿಂದ ದೂರ ಇಡಿ. ‘ಆರೋಗ್ಯ’ ಎಂಬ ಪ್ರತ್ಯೇಕ ಖಾತೆಗೆ ಪಿಂಚಣಿಯ ಒಂದು ಪಾಲು ಪ್ರತಿ ತಿಂಗಳೂ ತಾನಾಗಿ ಹೋಗುವಂತೆ ಅವರಿಂದಲೇ ಬ್ಯಾಂಕಿಗೆ ಬರೆಸಿ. ಕೆಲ ತಿಂಗಳಲ್ಲಿ ಅದು ‘ಖರ್ಚಾಗಲೆಂದೇ ಇಟ್ಟ ಹಣ’ ಆಗುತ್ತದೆ. ಬೆಲೆ ಹೇಳುವಾಗ ಬಾಳಿಕೆಯ ಲೆಕ್ಕವನ್ನೂ ಹೇಳಿ: ಐದು ವರ್ಷ ಬಾಳುವ ವಸ್ತುವಿನ ಬೆಲೆಯನ್ನು 60 ತಿಂಗಳಿಗೆ ಹಂಚಿ ತೋರಿಸಿ. ಬ್ಯಾಟರಿ, ದುರಸ್ತಿಗಳ ಖರ್ಚನ್ನು ಮೊದಲೇ ಸೇರಿಸಿರಿ. ಪ್ರತಿ ಸಣ್ಣ ಪಾವತಿಯೂ ಅವರಿಗೆ ಹೊಸ ಸಂಕಟ. ಕೊಡುವ ಮುನ್ನ ಕೆಲವು ದಿನ ಹಾಕಿಕೊಂಡು ನೋಡಲು ಬಿಡುವ ಮಾರಾಟಗಾರರಿದ್ದರೆ ಅವರಲ್ಲಿಗೇ ಹೋಗಿ. ತಂದೆಗೆ ಹೇಳದೆ ನೀವೇ ತಂದುಕೊಟ್ಟರೆ ಮಾತ್ರ ಅದು ಪೆಟ್ಟಿಗೆ ಸೇರುವ ಸಂಭವ ಹೆಚ್ಚು, ಮಗನ ಹಣ ಹಾಳಾಯಿತೆಂಬ ಕೊರಗು ಬೇರೆ.

ಪ್ರಶ್ನೆ: ಮನೆಮಂದಿಯಲ್ಲಿ ಸಂಬಳ ಬರುವುದು ನನಗೊಬ್ಬನಿಗೆ. ಕೇಳಿದವರಿಗೆಲ್ಲ ಕೊಟ್ಟು ಸಾಕಾಗಿದೆ. ಸಂಬಳ ಏರಿದ್ದನ್ನು ಮುಚ್ಚಿಟ್ಟರೆ ತಪ್ಪೇ?

ಉತ್ತರ: ಎಷ್ಟೋ ಜನ ಮಾಡುತ್ತಾರೆ. ಕೀನ್ಯಾದ ಹಳ್ಳಿಗಳಲ್ಲಿ ಪಮೇಲಾ ಜಾಕಿಯೆಲಾ ಮತ್ತು ಓವನ್ ಓಜಿಯರ್ ನಡೆಸಿದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಹಿಳೆಯರು ಗಳಿಕೆ ನೆಂಟರ ಕಣ್ಣಿಗೆ ಬೀಳದಿರಲೆಂದು ಕಡಿಮೆ ಲಾಭವಾದರೂ ಸರಿ ಎಂದು ಒಪ್ಪಿದರು. ಆದರೆ ಗುಟ್ಟು ರಟ್ಟಾದ ದಿನ ಹಣದ ಜತೆ ನಂಬಿಕೆಯೂ ಹೋಗುತ್ತದೆ. ಮುಚ್ಚಿಡುವ ಬದಲು ಮಿತಿ ಹಾಕಿ. ಆದಾಯದ ಶೇ. 10 ಎಂದೋ 15 ಎಂದೋ ನೀವೇ ನಿಗದಿ ಮಾಡಿ, ಬೇರೆ ಖಾತೆಗೆ ಹಾಕಿ, ‘ಈ ವರ್ಷದ್ದು ಮುಗಿದಿದೆ’ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿ. ಮರಳಿ ಬರದಿದ್ದರೂ ತಡೆದುಕೊಳ್ಳಬಲ್ಲೆ ಎನ್ನುವಷ್ಟನ್ನೇ ಕೊಡಿ. ಸಾಲಕ್ಕೆ ಜಾಮೀನು ಹಾಕಬೇಡಿ, ಅದಕ್ಕೆ ನೀವು ಹಾಕಿಕೊಂಡ ಮಿತಿ ಅನ್ವಯಿಸುವುದಿಲ್ಲ.

ಪ್ರಶ್ನೆ: ಬ್ಯಾಂಕಿನಲ್ಲಿ ಹಣ ನಿಲ್ಲುವುದಿಲ್ಲ. ಗೆಳತಿಯರ ಗುಂಪಿನಲ್ಲಿ ಚೀಟಿ ಹಾಕಿದರೆ ಮಾತ್ರ ಉಳಿಯುತ್ತದೆ. ಬಡ್ಡಿ ಇಲ್ಲದ ಈ ಉಳಿತಾಯ ದಡ್ಡತನವೇ?

ಉತ್ತರ: ಅಲ್ಲ. ಮೆಕ್ಸಿಕೊದಲ್ಲಿ ತಾಂಡಾ, ಘಾನಾದಲ್ಲಿ ಸುಸು, ಚೀನಾದಲ್ಲಿ ಹುಯಿ ಎಂದು ಇದೇ ಪದ್ಧತಿ ಜಗತ್ತಿನ ಉದ್ದಗಲಕ್ಕೂ ಇದೆ. 12 ಜನ, 12 ತಿಂಗಳು. ಮೊದಲು ಎತ್ತಿದವರಿಗೆ ಬಡ್ಡಿಯಿಲ್ಲದ ಸಾಲ ಸಿಕ್ಕಂತೆ, ಕೊನೆಗೆ ಎತ್ತಿದವರು ಬಡ್ಡಿಯಿಲ್ಲದೆ ಉಳಿಸಿದಂತೆ. ಕಂತು ತಪ್ಪಿಸಲು ನಾಚಿಕೆಯಾಗುವುದೇ ಇದರ ಬಲ. ಕೆಡುವುದು, ಮೊದಲು ಎತ್ತಿದವರು ಆಮೇಲೆ ಕಂತು ನಿಲ್ಲಿಸಿದಾಗ. ಹೊಸಬರಿಗೆ ಕೊನೆಯ ಸರದಿ ಕೊಡಿ, ಉಳಿದವರ ಸರದಿಯನ್ನು ಎಲ್ಲರೆದುರು ಚೀಟಿ ಎತ್ತಿ ಗೊತ್ತುಮಾಡಿ. ಪ್ರತಿ ಕಂತಿಗೂ ಪುಸ್ತಕದಲ್ಲಿ ಇಬ್ಬರ ಸಹಿ ಇರಲಿ. ಗುಂಪು 12–15 ಜನ ಮೀರುವುದು ಬೇಡ. ಕಾಯಿಲೆ ಕಸಾಲೆಗೆಂದು ಇಡುವ ಹಣವನ್ನು ಮಾತ್ರ ಇದರಲ್ಲಿ ಹಾಕಬೇಡಿ. ನಿಮ್ಮ ಸರದಿ ಹನ್ನೊಂದನೆಯದಾಗಿ, ಆಸ್ಪತ್ರೆಯ ಖರ್ಚು ಮೂರನೇ ತಿಂಗಳಲ್ಲೇ ಬಂದೀತು. ಅದಕ್ಕೆ ಮೂರು ತಿಂಗಳ ಮನೆಖರ್ಚಿನಷ್ಟು ಬ್ಯಾಂಕಿನಲ್ಲಿ, ಕಾರ್ಡ್ ಇಲ್ಲದ ಖಾತೆಯಲ್ಲಿ ಇರಲಿ.