‘ಒನ್ ಆಫ್ ಮೈ ಫ್ರೆಂಡ್ಸ್’: ಎಸ್ ಹಾಕಿದ ಮೇಲೂ ‘ಹ್ಯಾಸ್’ ಯಾಕೆ?

ನೀವು ಹಾಕಿದ ಪತ್ರ ಓದಿದೆ. ‘ಒನ್ ಆಫ್ ಮೈ ಕಲೀಗ್ ಹ್ಯಾವ್ ಅಗ್ರೀಡ್’ ಅಂತ ನೀವು ಬರೆದಿರಿ, ಫೋನು ಅದನ್ನ ‘ಒನ್ ಆಫ್ ಮೈ ಕಲೀಗ್ಸ್ ಹ್ಯಾಸ್ ಅಗ್ರೀಡ್’ ಅಂತ ತಿದ್ದಿತು. ಬಹುವಚನ ಮಾಡಿದ ಮೇಲೆ ‘ಹ್ಯಾವ್’ ಇರಬೇಕಿತ್ತಲ್ಲ, ‘ಹ್ಯಾಸ್’ ಎಲ್ಲಿಂದ ಬಂತು ಅನ್ನೋದು ನಿಮ್ಮ ಪ್ರಶ್ನೆ. ಫೋನು ತಿದ್ದಿದ್ದು ಸರಿ. ನಿಮಗೆ ಮೊದಲು ಉತ್ತರ ಕೊಟ್ಟ ಒಬ್ಬರು ‘ಒನ್ ಆಫ್ ಬಂದರೆ ಎಸ್ ಹಾಕಿ, ಮುಗೀತು’ ಅಂದಿದ್ದಾರೆ. ಅದು ಅರ್ಧ ಉತ್ತರ, ನಿಮ್ಮ ಪ್ರಶ್ನೆ ಇರೋದು ಉಳಿದ ಅರ್ಧದಲ್ಲಿ.

ಇದೇ ಮಾತನ್ನ ಕನ್ನಡದಲ್ಲಿ ಹೇಳಿ ನೋಡಿ: ‘ನನ್ನ ಗೆಳೆಯರಲ್ಲಿ ಒಬ್ಬ ಒಪ್ಪಿದ್ದಾನೆ.’ ‘ಗೆಳೆಯರು’ ಬಹುವಚನ, ‘ಒಪ್ಪಿದ್ದಾನೆ’ ಏಕವಚನ. ‘ಗೆಳೆಯನಲ್ಲಿ ಒಬ್ಬ’ ಅಂತ ಯಾರೂ ಅನ್ನಲ್ಲ, ‘ಗೆಳೆಯರಲ್ಲಿ ಒಬ್ಬ ಒಪ್ಪಿದ್ದಾರೆ’ ಅಂತಲೂ ಅನ್ನಲ್ಲ. ಅಂದರೆ ಲೆಕ್ಕ ಎರಡೂ ಭಾಷೆಯಲ್ಲಿ ಒಂದೇ. ಬೇರೆಯಾಗೋದು ಯಾರ ಪಕ್ಕ ಯಾರು ಕೂರುತ್ತಾರೆ ಅನ್ನೋದು. ಕನ್ನಡದಲ್ಲಿ ‘ಒಬ್ಬ’ ಕ್ರಿಯಾಪದದ ಪಕ್ಕದಲ್ಲೇ ಇರ್ತಾನೆ, ತಪ್ಪೋಕೆ ಜಾಗವೇ ಇಲ್ಲ. ಇಂಗ್ಲಿಷ್‌ನಲ್ಲಿ ‘ಒನ್’ ಮುಂದಕ್ಕೆ ಓಡಿ, ಕ್ರಿಯಾಪದದ ಪಕ್ಕಕ್ಕೆ ಬಹುವಚನ ಬಂದು ಕೂರುತ್ತೆ. ‘ಕಲೀಗ್ಸ್’ ಕಿವಿಗೆ ಬಿದ್ದ ತಕ್ಷಣ ಕೈ ‘ಹ್ಯಾವ್’ ಬರೆದುಬಿಡುತ್ತೆ. ಆ ಕಡೆ ಶುರುವಿನಲ್ಲೇ ‘ಒನ್’ ಕಂಡದ್ದರಿಂದ ‘ಕಲೀಗ್ಸ್’ನ ಎಸ್ ಹಾರಿಹೋಗುತ್ತೆ. ನಿಮ್ಮ ಒಂದೇ ಸಾಲಿನಲ್ಲಿ ಎರಡೂ ಆಗಿವೆ.

ಇನ್ನೊಂದು ಕಾರಣ ನಮ್ಮ ಮರ್ಯಾದೆ. ಹಿರಿಯರು ಒಬ್ಬರೇ ಇದ್ದರೂ ನಾವು ‘ಒಬ್ಬರು ಒಪ್ಪಿದ್ದಾರೆ’ ಅಂತೀವಿ. ಆ ಗೌರವವನ್ನ ಇಂಗ್ಲಿಷ್ ಕ್ರಿಯಾಪದಕ್ಕೆ ದಾಟಿಸೋ ಹಾಗಿಲ್ಲ. ಮೇಲಧಿಕಾರಿಯಾದರೂ ‘ಹ್ಯಾಸ್’ ತಾನೇ. ವಸ್ತುಗಳ ವಿಷಯದಲ್ಲಂತೂ ನಮಗೆ ಬಹುವಚನದ ಹಂಗೇ ಕಡಿಮೆ. ‘ನಾಲ್ಕು ಪುಸ್ತಕ ತಂದೆ’ ಅಂದರೆ ಸಾಕು, ‘ಗಳು’ ಬೇಕಿಲ್ಲ. ಹಾಗಾಗಿ ‘ಒನ್ ಆಫ್ ದ ರೀಸನ್’, ‘ಒನ್ ಆಫ್ ದ ಬುಕ್’ ಸಲೀಸಾಗಿ ಬರುತ್ತವೆ. ನಾನೂ ವರ್ಷಗಟ್ಟಲೆ ಹೀಗೇ ಬರೆದವನು. ಕೇಳಿ ಕಲಿಯೋಣ ಅಂದರೆ ‘ಸ್ಟೂಡೆಂಟ್ಸ್ ಸೆಡ್’ ಅನ್ನೋವಾಗ ಎರಡು ಸಕಾರ ಬೆರೆತು ಮೊದಲನೆಯದು ಕೇಳಿಸೋದೇ ಇಲ್ಲ.

ನಾನು ಮಾಡೋ ಉಪಾಯ ಹೇಳ್ತೀನಿ. ಬರೆದ ಮೇಲೆ ‘ಆಫ್ ಮೈ ಕಲೀಗ್ಸ್’ ಅನ್ನೋ ಭಾಗದ ಮೇಲೆ ಹೆಬ್ಬೆರಳು ಇಡಿ. ಉಳಿಯೋದು ‘ಒನ್ ... ಹ್ಯಾಸ್ ಅಗ್ರೀಡ್’. ಕ್ರಿಯಾಪದ ಸರಿ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಬೆರಳು ತೆಗೆದು, ಮುಚ್ಚಿದ್ದ ಭಾಗದಲ್ಲಿ ಒಂದು ಗುಂಪು ಇದೆಯಾ ನೋಡಿ. ಆ ಗುಂಪು ಯಾವುದು ಅಂತ ಗುರುತಿರಬೇಕು. ಅದಕ್ಕೇ ‘ಮೈ’, ‘ದ’, ‘ದೀಸ್’ ಥರದ್ದೊಂದು ಪದ ಮಧ್ಯೆ ಬೇಕು. ಬರೀ ‘ಒನ್ ಆಫ್ ಫ್ರೆಂಡ್ಸ್’ ಆಗಲ್ಲ. ‘ಈಚ್ ಆಫ್’ಗೂ ಇದೇ ಲೆಕ್ಕ: ‘ಈಚ್ ಆಫ್ ದ ರೂಮ್ಸ್ ಹ್ಯಾಸ್ ಎ ವಿಂಡೋ’.

ಕಷ್ಟ ಬರೋದು ಇಂಗ್ಲಿಷಿನ ‘ಹೂ’ (who) ಸೇರಿಕೊಂಡಾಗ. ‘ಷಿ ಈಸ್ ಒನ್ ಆಫ್ ದೋಸ್ ಟೀಚರ್ಸ್ ಹೂ ನೆವರ್ ಶೌಟ್.’ ಇಲ್ಲಿ ‘ಶೌಟ್ಸ್’ ಅಲ್ಲ. ಕೂಗಾಡದಿರೋದು ಅವರೊಬ್ಬರೇ ಅಲ್ಲ, ಅಂಥ ಟೀಚರುಗಳ ಒಂದು ಗುಂಪೇ ಇದೆ, ಇವರು ಅದರಲ್ಲೊಬ್ಬರು. ‘ಕೂಗಾಡದ ಟೀಚರುಗಳಲ್ಲಿ ಒಬ್ಬರು’ ಅಂದಾಗ ‘ಕೂಗಾಡದ’ ಅಂಟಿಕೊಳ್ಳೋದು ಗುಂಪಿಗೆ. ನಿಘಂಟುಕಾರ ಫೌಲರ್ 1926ರ ತಮ್ಮ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಬಹುವಚನದ ಪರವಾಗಿಯೇ ವಾದಿಸಿದ್ದರು. ಆದರೂ ಚೆನ್ನಾಗಿ ಬರೆಯುವವರೇ ಇಲ್ಲಿ ಏಕವಚನ ಹಾಕೋದು ಧಾರಾಳವಾಗಿ ಸಿಗುತ್ತೆ, ಹಾಗಾಗಿ ಬೇರೆಯವರ ಬರಹದಲ್ಲಿ ಕಂಡರೆ ಜಗಳಕ್ಕೆ ನಿಲ್ಲಬೇಡಿ. ಪರೀಕ್ಷೆಗೆ ಬಹುವಚನವೇ ಕ್ಷೇಮ. ‘ದಿ ಓನ್ಲಿ ಒನ್ ಆಫ್’ ಬಂದರೆ ಮಾತ್ರ ಏಕವಚನ: ‘ದಿ ಓನ್ಲಿ ಒನ್ ಆಫ್ ದ ಟೀಚರ್ಸ್ ಹೂ ನೋಸ್ ಮಿ’. ಅಲ್ಲಿ ನಿಜಕ್ಕೂ ಒಬ್ಬರೇ.

ಇನ್ನು ಇದನ್ನ ಎಲ್ಲಿ ಬಳಸಬೇಕು ಅನ್ನೋದು. ‘ಒನ್ ಆಫ್ ಮೈ ಬ್ರದರ್ಸ್’ ಅಂದರೆ ಕೇಳಿದವರು ನಿಮಗೆ ಕನಿಷ್ಠ ಇಬ್ಬರು ಅಣ್ಣತಮ್ಮಂದಿರು ಅಂದುಕೊಳ್ತಾರೆ. ಒಬ್ಬನೇ ಇದ್ದರೆ ‘ಮೈ ಬ್ರದರ್’ ಸಾಕು. ಗೆಳೆಯನ ವಿಷಯ ಸುಮ್ಮನೆ ಪ್ರಸ್ತಾಪಕ್ಕೆ ಬಂದಿದ್ದರೆ ‘ಎ ಫ್ರೆಂಡ್ ಆಫ್ ಮೈನ್’ ಹಗುರವಾಗಿರುತ್ತೆ. ‘ಒನ್ ಆಫ್ ದ ಬೆಸ್ಟ್’ ಅನ್ನೋದು ಜಾಣ ಪ್ರಯೋಗ. ಮೊದಲ ಸ್ಥಾನ ಯಾರದ್ದು ಅಂತ ಹೇಳದೆ ಹೊಗಳಬಹುದು. ಅದನ್ನೇ ಪದಕ್ಕೆ ಪದ ಇಳಿಸಿ ಕನ್ನಡದಲ್ಲಿ ‘ಆನೆಯು ಅತ್ಯಂತ ಬುದ್ಧಿವಂತ ಪ್ರಾಣಿಗಳಲ್ಲಿ ಒಂದಾಗಿದೆ’ ಅಂತ ಬರೆಯೋರನ್ನ ಕಂಡರೆ ನನಗೆ ಮೈ ಉರಿಯುತ್ತೆ. ‘ಆನೆ ಬಲು ಬುದ್ಧಿವಂತ ಪ್ರಾಣಿ’ ಅಂದರೆ ಏನು ಕಳೆದುಹೋಯಿತು?

ನಿಮ್ಮ ಪತ್ರದ ಕೊನೇ ಸಾಲಲ್ಲೂ ಒಂದು ತೊಡಕಿದೆ: ‘ಒನ್ ಆಫ್ ದ ಬೆಸ್ಟ್ ಅಡ್ವೈಸ್’. ಎಸ್ ಹಾಕಿ ಇದನ್ನ ಸರಿಮಾಡೋಕಾಗಲ್ಲ, ಯಾಕಂದರೆ ‘ಅಡ್ವೈಸ್’ ಎಣಿಸೋ ಪದವೇ ಅಲ್ಲ. ‘ಫರ್ನಿಚರ್’, ‘ಲಗೇಜ್’, ‘ಇನ್ಫರ್ಮೇಶನ್’ ಇವುಗಳದ್ದೂ ಅದೇ ಕಥೆ. ಎಣಿಸೋಕೆ ಬರೋ ಒಂದು ಪದವನ್ನ ನಡುವೆ ತರಬೇಕು: ‘ಒನ್ ಆಫ್ ದ ಬೆಸ್ಟ್ ಪೀಸಸ್ ಆಫ್ ಅಡ್ವೈಸ್ ಐ ಹ್ಯಾವ್ ರಿಸೀವ್ಡ್’. ಉದ್ದ ಅನ್ನಿಸಿದರೆ ‘ದಟ್ ವಾಸ್ ಎಕ್ಸಲೆಂಟ್ ಅಡ್ವೈಸ್’ ಅಂತ ಬರೆದುಬಿಡಿ. ಪತ್ರಕ್ಕೆ ನಾನಾಗಿದ್ದರೆ ಇದನ್ನೇ ಹಾಕ್ತಿದ್ದೆ.